ಹಳೆಯ ಮ್ಯಾಗ್ನೆಟೊ ಟೆಲಿಫೋನ್ ಬೋರ್ಡಿಗೆ ಮತ್ತೆ ಜೀವ

ಪ್ರಶ್ನೆ: ಆಪರೇಟರ್ ಕೂತು ಕೈಯಿಂದ ಕರೆ ಜೋಡಿಸುವ, ಹತ್ತು ಲೈನಿನ ಹಳೆಯ ಟೆಲಿಫೋನ್ ಬೋರ್ಡು ಗುಜರಿಯಲ್ಲಿ ಸಿಕ್ಕಿದೆ. ಕರೆ ಬಂದಾಗ ಕೆಳಗೆ ಬೀಳುವ ಮುಚ್ಚಳಗಳು, ಪ್ಲಗ್‌ಗಳು, ತಿರುಗಿಸುವ ಹಿಡಿ ಎಲ್ಲ ಇವೆ. ಬ್ಯಾಟರಿ ಕೊಟ್ಟು ನೋಡಬಹುದೇ?

ಉತ್ತರ: ಈಗಲೇ ಬೇಡ. ಇದು ಮ್ಯಾಗ್ನೆಟೊ ಬೋರ್ಡು, ಅಂದರೆ ಹಿಡಿ ತಿರುಗಿಸಿ ಅಯಸ್ಕಾಂತದ ಜನರೇಟರ್‌ನಿಂದ ಕರೆಯ ಕರೆಂಟು ಹುಟ್ಟಿಸುವ ಬಗೆ. ಮುಚ್ಚಳ ಬೀಳಿಸುವುದು ಬ್ಯಾಟರಿಯಲ್ಲ, ಆ ಕಡೆಯವರು ಹಿಡಿ ತಿರುಗಿಸಿದಾಗ ಬರುವ ಸುಮಾರು 75 ವೋಲ್ಟ್ ಎಸಿ. ಬ್ಯಾಟರಿ ಬೇಕಿರುವುದು ಆಪರೇಟರ್ ಮಾತಾಡುವ ಸೆಟ್ಟಿಗೆ (ಸಾಮಾನ್ಯವಾಗಿ 3 ವೋಲ್ಟ್) ಮತ್ತು ರಾತ್ರಿ ಗಂಟೆಗೆ (ಮುಚ್ಚಳ ಬಿದ್ದಾಗ ಬಾರಿಸಿ ಆಪರೇಟರನ್ನು ಎಬ್ಬಿಸುವ ಗಂಟೆ) ಮಾತ್ರ.

ಒಣ ಬ್ರಷ್‌ನಿಂದ ಧೂಳು ತೆಗೆದು, ಪ್ರತಿ ಲೈನಿನ ಎರಡು ಟರ್ಮಿನಲ್‌ಗಳ ನಡುವೆ ಓಮ್ ಅಳೆದು ಬರೆದಿಡಿ. ಮುಚ್ಚಳ ಬೀಳಿಸುವ ಕಾಯಿಲ್‌ನ (ತಂತಿ ಸುರುಳಿಯ) ಓಮ್ ಕಂಪನಿಗೊಂದು ಬಗೆ, ಆದ್ದರಿಂದ ಹತ್ತನ್ನೂ ಒಂದಕ್ಕೊಂದು ಹೋಲಿಸಿ. ಒಂದು ಮಾತ್ರ ತೀರಾ ಕಡಿಮೆ ತೋರಿಸಿದರೆ ಒಳಸುತ್ತುಗಳು ಶಾರ್ಟ್ ಆಗಿವೆ. ಏನೂ ತೋರಿಸದಿದ್ದರೆ ಕಾಯಿಲ್ ಸತ್ತಿದೆ ಎಂದು ಬಿಚ್ಚಬೇಡಿ! ಅನೇಕ ಬೋರ್ಡುಗಳಲ್ಲಿ ಪ್ಲಗ್ ಚುಚ್ಚಿದೊಡನೆ ಮುಚ್ಚಳದ ಕಾಯಿಲ್ ಲೈನಿನಿಂದ ಬಿಡಿಸಿಕೊಳ್ಳುವಂತೆ ಜ್ಯಾಕ್‌ನೊಳಗೆ (ಪ್ಲಗ್ ಚುಚ್ಚುವ ತೂತು) ಒಂದು ಕಾಂಟ್ಯಾಕ್ಟ್ ಇರುತ್ತದೆ. ಅದು ಕಪ್ಪಾಗಿದ್ದರೆ ಒಳ್ಳೆಯ ಕಾಯಿಲ್ ಕೂಡ ಸತ್ತಂತೆ ಕಾಣುತ್ತದೆ. ವಿಸಿಟಿಂಗ್ ಕಾರ್ಡಿನ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಕಾಂಟ್ಯಾಕ್ಟ್‌ಗಳ ನಡುವೆ ಎಳೆಯಿರಿ. ಉಪ್ಪುಕಾಗದ ಖಂಡಿತ ಬೇಡ, ಮೇಲಿನ ತೆಳು ಲೋಹ ಹೋದರೆ ಮತ್ತೆ ಬರುವುದಿಲ್ಲ. ಆಮೇಲೂ ಓಪನ್ ಇದ್ದರೆ ಕಾಯಿಲ್‌ನ ಕೂದಲೆಳೆ ತಂತಿ ಬೆಸುಗೆ ಸೇರುವ ಜಾಗದಲ್ಲಿ ಹಸಿರು ಕಿಲುಬು ಹುಡುಕಿ. ತುಂಡಾಗುವುದು ಹೆಚ್ಚಾಗಿ ಅಲ್ಲೇ. ಒಂದು ಸುತ್ತು ಬಿಚ್ಚಿ ಬೆಸೆದರೆ ಉಳಿಯುತ್ತದೆ.

ಮುಚ್ಚಳದ ಕೊಕ್ಕೆಗೆ ಎಣ್ಣೆ ಹಾಕಬೇಡಿ, ಧೂಳು ಅಂಟಿ ಬೀಳುವುದೇ ನಿಲ್ಲುತ್ತದೆ. ಕಾಯಿಲ್ ಸುತ್ತಲಿನ ಕಬ್ಬಿಣದ ಕೊಳವೆಯನ್ನು ಎಸೆಯಬೇಡಿ, ಪಕ್ಕದ ಲೈನಿನ ಮಾತು ಇದರೊಳಗೆ ಸೋರದಂತೆ ತಡೆಯುವುದು ಅದೇ.

ಕೊನೆಗೆ ಕಂಡೆನ್ಸರ್ ಬಿಡಿಸಿ, ಲೈನ್ ಮತ್ತು ಫ್ರೇಮ್ ನಡುವೆ 250 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಬಟ್ಟೆ ಸುತ್ತಿದ ತಂತಿಗಳು ತೇವ ಹೀರಿವೆ. ವೈರಿಂಗ್ ಕಿತ್ತು ಹೊಸದು ಹಾಕುವ ಮೊದಲು, ಬಿಸಿಯಾಗುವ ಹಳೆಯ ಬಗೆಯ 40 ವಾಟ್ ಬಲ್ಬನ್ನು (ಎಲ್‌ಇಡಿ ಅಲ್ಲ) ಮರಕ್ಕೆ ತಾಗದಂತೆ ಒಳಗಿಟ್ಟು ಒಣಗಿಸಿ ಮತ್ತೆ ಅಳೆಯಿರಿ. ಹಳೆಯ ಪೇಪರ್ ಕಂಡೆನ್ಸರ್ ಸೋರುತ್ತಿದ್ದರೆ ಮಾತ್ರ ಅದೇ ಮೈಕ್ರೋಫ್ಯಾರಡ್‌ನ, 250 ವೋಲ್ಟ್‌ಗೆ ಕಡಿಮೆಯಿಲ್ಲದ ಫಿಲ್ಮ್ ಕಂಡೆನ್ಸರನ್ನು, ತಂತಿ ಬಿಡಿಸಿಟ್ಟ ಹಳೆಯ ಡಬ್ಬಿಯ ಹಿಂದೆ ಸೇರಿಸಿ.

ಪ್ರಶ್ನೆ: ಹಿಡಿ ತಿರುಗಿಸಿದರೆ ಕರೆಂಟೇ ಬರುವುದಿಲ್ಲ. ಅಯಸ್ಕಾಂತ ಬಿಚ್ಚಲೇ?

ಉತ್ತರ: ಬಿಚ್ಚಬೇಡಿ. ನಡುವಿನ ಆರ್ಮೇಚರ್ (ತಿರುಗುವ ಸುರುಳಿ) ಹೊರಗೆಳೆದರೆ ಆ ಹಳೆಯ ಉಕ್ಕಿನ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ. ತೆಗೆಯಲೇಬೇಕಾದರೆ ಮೊದಲು ಎರಡೂ ಧ್ರುವಗಳಿಗೆ ಮೆತು ಕಬ್ಬಿಣದ ಪಟ್ಟಿ ಅಡ್ಡ ಹಾಕಿ. ಆದರೆ ಕಾರಣ ಬೇರೆಯೇ ಇರಬಹುದು. ಅನೇಕ ಜನರೇಟರ್‌ಗಳಲ್ಲಿ ಹಿಡಿ ನಿಂತಾಗ ಜನರೇಟರನ್ನು ಲೈನಿನಿಂದ ಬೇರ್ಪಡಿಸುವ ಸ್ಪ್ರಿಂಗ್ ಸ್ವಿಚ್ ಶಾಫ್ಟ್ ತುದಿಯಲ್ಲಿರುತ್ತದೆ. ಒಣಗಿದ ಗ್ರೀಸ್‌ನಿಂದ ಅದು ಅಂಟಿಕೊಂಡಿರಬಹುದು. ಒರೆಸಿ, ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ತಿರುಗಿಸುವಾಗ ಟರ್ಮಿನಲ್ ಮುಟ್ಟಬೇಡಿ, ಶಾಕ್ ಜೋರಾಗಿರುತ್ತದೆ.

ಪ್ರಶ್ನೆ: ಪ್ಲಗ್ ಅಲುಗಾಡಿದರೆ ಮಾತು ಕಡಿಯುತ್ತದೆ. ಅಂಗಡಿಯ ಸ್ಟೀರಿಯೊ ಪ್ಲಗ್ ಹಾಕಬಹುದೇ?

ಉತ್ತರ: ಬೇಡ. ಅದರ ತುದಿ ದಪ್ಪ. ಹಳೆಯ ಜ್ಯಾಕ್‌ನ ಸ್ಪ್ರಿಂಗ್ ಅಗಲಿಸಿ ಕೆಡಿಸುತ್ತದೆ. ತಪ್ಪು ಹೆಚ್ಚಾಗಿ ಪ್ಲಗ್ಗಿನಲ್ಲಿಲ್ಲ, ಪ್ಲಗ್ಗಿನ ಬುಡದಲ್ಲಿ ಮಡಚಿ ಮಡಚಿ ಕಡಿದ ವೈರಿನಲ್ಲಿದೆ. ಮೀಟರ್ ಕಂಟಿನ್ಯೂಟಿಯಲ್ಲಿಟ್ಟು ಬುಡವನ್ನು ಬಾಗಿಸಿ ನೋಡಿ. ಕೆಟ್ಟ ಮೂರು ಸೆಂಟಿಮೀಟರ್ ಕತ್ತರಿಸಿ ಅದೇ ಪ್ಲಗ್ಗನ್ನು ಮತ್ತೆ ಕೂರಿಸಿ. ಒಳಗಿರುವುದು ನೂಲಿಗೆ ಸುತ್ತಿದ ಜರಿಯಂಥ ತಾಮ್ರ, ನೇರ ಬೆಸುಗೆ ಹಿಡಿಯದು. ತೆಳು ತಾಮ್ರದ ತಂತಿಯನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ಆ ಸುತ್ತಿಗೆ ಬೆಸೆಯಿರಿ.