ಶಿರಸಿ ಪೇಟೆಯೊಳಗಿನ ಹಿತ್ತಲಲ್ಲಿ ಮಂಗ ಓಡಿಸಲು ಪರವಾನಗಿ ಕೋವಿಯಿಂದ ಈಡು ಹೊಡೆಯಬಹುದೇ?

ಬೇಡ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಪರವಾನಗಿ ಅದರಲ್ಲಿ ಬರೆದಿರುವ ಜಮೀನಿಗೆ ಮಾತ್ರ. ಹಳ್ಳಿ ತೋಟದ ಕೋವಿ ಪೇಟೆಯ ಪೇರಲೆ ಮರಕ್ಕೆ ನಡೆಯುವುದಿಲ್ಲ.

ಸುಮ್ನೆ ಆಕಾಶಕ್ಕೆ ಹೊಡೆಯುವುದು ಅಂತೀರಾ? ಮೇಲೆ ಹೋದ ಚರೆ ಯಾರದ್ದೋ ಹಂಚಿನ ಮೇಲೆ ಬೀಳಲೇಬೇಕು, ಅಲ್ವಾ? 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿದೆ. ಬೇರೆಯವರ ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕವಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮದುವೆ, ಜಾತ್ರೆಯ ಖುಷಿಗೆ ಹೊಡೆದರೂ ಇದೇ ಕಲಂ. ಪರವಾನಗಿ ಕಳೆದುಕೊಳ್ಳುವ ಭಯ ಬೇರೆ.

ನಾನಂತೂ ಎಣ್ಣೆ ಡಬ್ಬ ಬಡಿಯುತ್ತೇನೆ. ಮಂಗಗಳು ಪಕ್ಕದ ಮನೆ ಮಾಡಿಗೆ ಹಾರಿ, ಅಲ್ಲಿಂದಲೇ ನನ್ನನ್ನು ನೋಡುತ್ತಾ ಕೂರುತ್ತವೆ.