ಸಂಪಾದಕರ ಉತ್ತರ: ಪಾಳಿ, ನಮಾಝ್ ಮತ್ತು ಮನೆ ಸಾಲ

ಇಂಗ್ಲೆಂಡಿನ ಲೆಸ್ಟರ್‌ನಿಂದ ಓದುಗ ಸಹೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರು ಪುತ್ತೂರು ಕಡೆಯವರು, ಲೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಪತಿಗೆ ಖಾಸಗಿ ಕಂಪೆನಿಯಲ್ಲಿ ಉದ್ಯೋಗ, ಏಳು ವರ್ಷದ ಮಗಳಿದ್ದಾಳೆ. ಪತ್ರದ ಸಾರಾಂಶ ಇಷ್ಟು: ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗಿನ ಪಾಳಿಯಲ್ಲಿ ನಮಾಝ್ ಆಗುತ್ತಿಲ್ಲ, ಎಲ್ಲವನ್ನೂ ರಾತ್ರಿ ಮನೆಗೆ ಬಂದು ಕಝಾ (ಸಮಯ ತಪ್ಪಿದ ನಮಾಝನ್ನು ಆಮೇಲೆ ನಿರ್ವಹಿಸುವುದು) ಮಾಡುತ್ತಾರೆ. ವಾರ್ಡಿನಲ್ಲಿ ಮೊಣಕೈಯಿಂದ ಕೆಳಗೆ ಬಟ್ಟೆ ಇರಬಾರದೆಂಬ ನಿಯಮವಿರುವುದರಿಂದ ದಿನವೂ ಪಾಪ ಮಾಡುತ್ತಿದ್ದೇನೆಂಬ ಕೊರಗು. ಬಾಡಿಗೆ ಏರುತ್ತಲೇ ಇದೆ; ಬಡ್ಡಿಯ ಸಾಲದಲ್ಲಿ ಮನೆ ಕೊಳ್ಳಲು ಪತಿ ಅರ್ಜಿ ತುಂಬಿದ್ದಾರೆ, ಯುರೋಪಿನ ಉಲಮಾಗಳು (ಧರ್ಮ ವಿದ್ವಾಂಸರು) ಅದಕ್ಕೆ ಅನುಮತಿ ಕೊಟ್ಟಿದ್ದಾರೆಂದು ಗೆಳೆಯರು ಹೇಳಿದ್ದಾರಂತೆ. ಜೊತೆಗೆ ನಿವೃತ್ತರಾಗುವ ಹಿರಿಯ ನರ್ಸೊಬ್ಬರಿಗಾಗಿ ಸಹೋದ್ಯೋಗಿಗಳ ಪಬ್ ಔತಣ, ಮಗಳ ಶಾಲೆಯ ಕ್ರಿಸ್ಮಸ್ ನಾಟಕ. ಎಲ್ಲಕ್ಕಿಂತ ಮಿಗಿಲಾಗಿ ಊರಿನ ಉಸ್ತಾದರು ಫೋನಿನಲ್ಲಿ ಹೇಳಿದ ಮಾತು: “ಅಲ್ಲಿದ್ದರೆ ದೀನ್ (ಧರ್ಮ) ಉಳಿಯುವುದಿಲ್ಲ, ಬಂದುಬಿಡಿ.” “ನಾನು ಇಲ್ಲಿ ಅರ್ಧ ಮುಸ್ಲಿಮಳಾಗಿ ಬದುಕುತ್ತಿದ್ದೇನೆಯೇ?” ಎಂಬ ಪ್ರಶ್ನೆಯೊಂದಿಗೆ ಪತ್ರ ಮುಗಿಯುತ್ತದೆ.

ಸಹೋದರೀ, ಅಸ್ಸಲಾಮು ಅಲೈಕುಮ್.

ಮೊದಲಿಗೇ ಹೇಳಿಬಿಡುತ್ತೇನೆ, ಇದು ಫತ್ವಾ ಅಲ್ಲ, ಪತ್ರಿಕೆಯ ಮೇಜಿನಿಂದ ಬರೆದ ಉತ್ತರ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದನ್ನು ಮರೆಮಾಚದೆ ಬರೆಯುವುದಾದರೆ, ಶರೀಅತ್ ಸಡಿಲ ಬಿಟ್ಟಿರುವ ಜಾಗದಲ್ಲಿ ನೀವು ನಿಮ್ಮನ್ನು ಬಿಗಿದು ಕಟ್ಟಿಕೊಂಡಿದ್ದೀರಿ, ಅದು ಬಿಗಿಯಾಗಿರುವ ಜಾಗದಲ್ಲಿ ನಿಮ್ಮ ಮನೆಯವರು ಸಡಿಲವಾಗಿದ್ದಾರೆ. ನಮಾಝ್ ಮತ್ತು ತೋಳಿನ ವಿಷಯದಲ್ಲಿ ಅತ್ತುಕೊಂಡು ಎರಡೂವರೆ ಪುಟ ಬರೆದ ನೀವು ಮನೆ ಸಾಲದ ವಿಷಯವನ್ನು ಆರು ಸಾಲಿನಲ್ಲಿ ಮುಗಿಸಿದ್ದೀರಿ.

ನಮಾಝ್‌ನಿಂದ ಆರಂಭಿಸೋಣ. ಮಂಗಳೂರಿನಲ್ಲಿ ವರ್ಷವಿಡೀ ಮಗ್ರಿಬ್ (ಸೂರ್ಯಾಸ್ತದ ನಮಾಝ್) ಸಂಜೆ ಆರರಿಂದ ಏಳರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ನಮಾಝ್‌ಗೆ ಗಡಿಯಾರ ನೋಡುವ ಅಗತ್ಯವೇ ನಮಗೆ ಬೀಳುವುದಿಲ್ಲ. ನಿಮ್ಮಲ್ಲಿ ಅದು ಡಿಸೆಂಬರ್‌ನಲ್ಲಿ ಮಧ್ಯಾಹ್ನ 3.50ರ ಹೊತ್ತಿಗೆ, ಜೂನ್‌ನಲ್ಲಿ ರಾತ್ರಿ 9.30ರ ಹೊತ್ತಿಗೆ. ಚಳಿಗಾಲದ ಒಂದು ಪಾಳಿಯೊಳಗೆ ಝುಹರ್ (ಮಧ್ಯಾಹ್ನದ್ದು), ಅಸರ್ (ಇಳಿಹೊತ್ತಿನದ್ದು), ಮಗ್ರಿಬ್ ಮೂರೂ ಬಂದು ಹೋಗುತ್ತವೆ. ರಾತ್ರಿ ಒಂಬತ್ತಕ್ಕೆ ಮುಸಲ್ಲಾ ಹಾಸಿ ಒಂದರ ಹಿಂದೊಂದು ಕಝಾ ನಿರ್ವಹಿಸುವಾಗ ಸುಜೂದ್‌ನಲ್ಲೇ (ಹಣೆ ನೆಲಕ್ಕಿಟ್ಟಲ್ಲೇ) ನಿದ್ದೆ ಹತ್ತಿಬಿಟ್ಟದ್ದನ್ನು ನೀವು ಬರೆದಿದ್ದೀರಿ. ಆ ದಣಿವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಮಯಕ್ಕೆ ಸರಿಯಾಗಿ ಮಾಡಬಹುದಾದ ನಮಾಝನ್ನು ಪ್ರತಿದಿನವೂ ಕಝಾ ಮಾಡುವುದಕ್ಕೆ ಯಾವ ಮದ್‌ಹಬ್‌ನಲ್ಲೂ (ಧರ್ಮಶಾಸ್ತ್ರದ ಪಂಥದಲ್ಲೂ) ಅನುಮತಿ ಇಲ್ಲ.

ನಿಮ್ಮ ಮಸೀದಿಯ ವೇಳಾಪಟ್ಟಿಯಲ್ಲಿ ಅಸರ್‌ಗೆ ಎರಡು ಕಾಲಂಗಳಿವೆಯೇ ಎಂದು ನೋಡಿ. ಬ್ರಿಟನ್ನಿನ ಮಸೀದಿಗಳಲ್ಲಿ ಹೆಚ್ಚಿನವು ಹನಫಿ ಮದ್‌ಹಬ್‌ನವರದ್ದು. ವಸ್ತುವಿನ ನೆರಳು ಅದರ ಎರಡರಷ್ಟು ಉದ್ದವಾದಾಗ ಅವರ ಅಸರ್ ಆರಂಭ. ನಮ್ಮ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಮದ್‌ಹಬ್‌ನವರು. ಒಂದರಷ್ಟಾದಾಗಲೇ ನಮ್ಮ ಅಸರ್. (ನಡುಹಗಲಿನ ನೆರಳನ್ನು ಎರಡರಲ್ಲೂ ಕಳೆದೇ ಲೆಕ್ಕ.) ಡಿಸೆಂಬರ್‌ನಲ್ಲಿ ಇವೆರಡರ ನಡುವೆ ಅರ್ಧ ಗಂಟೆಯ ಅಂತರವಿದೆ, ಆ ಅರ್ಧ ಗಂಟೆ ನಿಮ್ಮ ಪಾಲಿಗೆ ದೊಡ್ಡದು. ಲೆಸ್ಟರ್‌ನಲ್ಲಿ ಡಿಸೆಂಬರ್ ಕೊನೆಗೆ ಶಾಫಿಈ ಅಸರ್ ಸುಮಾರು 1.35ಕ್ಕೆ ಆರಂಭವಾಗುತ್ತದೆ. ಊಟದ ವಿರಾಮವನ್ನು ಒಂದೂಕಾಲಕ್ಕೆ ಕೇಳಿಕೊಂಡರೆ ಝುಹರನ್ನು ಅದರ ಕೊನೆಯ ಹೊತ್ತಿನಲ್ಲಿ, ಅಸರನ್ನು ಅದರ ಮೊದಲ ಹೊತ್ತಿನಲ್ಲಿ, ಒಂದೇ ಮುಸಲ್ಲಾದ ಮೇಲೆ, ಎರಡನ್ನೂ ಅವುಗಳ ಸಮಯದಲ್ಲೇ ಮುಗಿಸಬಹುದು. ಇದಕ್ಕೆ ಯಾವ ರಿಯಾಯಿತಿಯೂ ಬೇಕಾಗಿಲ್ಲ. ಉಳಿಯುವುದು ಮಗ್ರಿಬ್, ಅದಕ್ಕೆ ನಾಲ್ಕರಿಂದ ಸುಮಾರು ಆರರವರೆಗೆ ಅವಕಾಶವಿದೆ, ಬೇಕಿರುವುದು ಐದು ನಿಮಿಷ.

ಹಾಗೂ ಒಂದು ದಿನ ರೋಗಿಯ ಸ್ಥಿತಿ ಬಿಗಡಾಯಿಸಿ, ವಾರ್ಡು ಬಿಟ್ಟು ಕದಲಲಾಗದಿದ್ದರೆ? ಪ್ರವಾದಿಯವರು (ಸ) ಮದೀನಾದಲ್ಲಿ ಭಯವಾಗಲಿ ಮಳೆಯಾಗಲಿ ಇಲ್ಲದಿದ್ದಾಗಲೂ ಝುಹರ್-ಅಸರ್‌ಗಳನ್ನೂ ಮಗ್ರಿಬ್-ಇಶಾಗಳನ್ನೂ ಜೊತೆಗೂಡಿಸಿ ನಿರ್ವಹಿಸಿದರೆಂದು ಅವರ ಸಂಗಡಿಗ ಇಬ್ನು ಅಬ್ಬಾಸ್ (ರ) ಹೇಳಿದ್ದು ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿಯವರ ನಡೆ-ನುಡಿಯ ವರದಿ) ಸಂಗ್ರಹದಲ್ಲಿದೆ. ಹಾಗೇಕೆ ಮಾಡಿದರೆಂದು ಕೇಳಿದ್ದಕ್ಕೆ, ತನ್ನ ಸಮುದಾಯಕ್ಕೆ ಕಷ್ಟವಾಗದಿರಲೆಂದು, ಎಂಬುದು ಇಬ್ನು ಅಬ್ಬಾಸ್‌ರ ಉತ್ತರ. ಊರಲ್ಲೇ ಇರುವವನು ಅಗತ್ಯ ಬಿದ್ದಾಗ, ಅದನ್ನು ರೂಢಿ ಮಾಡಿಕೊಳ್ಳದೆ, ಜಮ್‌ಅ್ (ಎರಡು ನಮಾಝ್ ಜೊತೆಗೂಡಿಸುವುದು) ಮಾಡಬಹುದೆಂದು ಕೆಲವು ಇಮಾಮರು ಹೇಳಿರುವುದನ್ನು ಇಮಾಮ್ ನವವಿಯವರು ಈ ಹದೀಸಿನ ವಿವರಣೆಯಲ್ಲಿ ದಾಖಲಿಸಿದ್ದಾರೆ. ಅವರಲ್ಲಿ ಶಾಫಿಈ ವಿದ್ವಾಂಸ ಖಫ್ಫಾಲ್ ಅವರೂ ಸೇರಿದ್ದಾರೆ. “ರೂಢಿ ಮಾಡಿಕೊಳ್ಳದೆ” ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಬೇಸಿಗೆಯ ಇಶಾದ (ರಾತ್ರಿಯ ನಮಾಝ್‌ನ) ಸಮಸ್ಯೆ ಬೇರೆಯೇ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಿಮ್ಮಲ್ಲಿ ಕತ್ತಲು ಪೂರ್ತಿಯಾಗಿ ಕವಿಯುವುದೇ ಇಲ್ಲವಾದ್ದರಿಂದ ಅಲ್ಲಿನ ಉಲಮಾಗಳು ಬೇರೆ ಬೇರೆ ಲೆಕ್ಕ ಹಾಕಿದ್ದಾರೆ. ನಿಮ್ಮ ಮಸೀದಿಯ ಪಟ್ಟಿಯನ್ನು ಅನುಸರಿಸಿದರೆ ಸಾಕು.

ವುಝೂ (ನಮಾಝ್‌ಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಬಗ್ಗೆ. ಸಿಬ್ಬಂದಿಯ ಶೌಚಾಲಯದಲ್ಲಿ ಒಂದು ಕಾಲನ್ನು ವಾಶ್‌ಬೇಸಿನ್ನಿಗೆ ಎತ್ತಿಟ್ಟುಕೊಂಡು ನಿಂತಿರುವಾಗ ಬಾಗಿಲು ತೆರೆದುಕೊಂಡ ಪ್ರಸಂಗವನ್ನು ನೀವು ಬರೆದಿದ್ದು ಓದಿ ನಗು ಬಂತು, ಕ್ಷಮಿಸಿ. ವಿದೇಶದಲ್ಲಿರುವ ನಮ್ಮ ಓದುಗರಲ್ಲಿ ಈ ಅನುಭವವಾಗದವರು ವಿರಳ. ಬೆಳಿಗ್ಗೆ ಮನೆಯಲ್ಲಿ ಪೂರ್ಣ ವುಝೂ ಮಾಡಿ ಖುಫ್ಫ್ (ಚರ್ಮದ ಕಾಲುಚೀಲ) ಧರಿಸಿಕೊಂಡರೆ ಒಂದು ಹಗಲು ಒಂದು ರಾತ್ರಿ ಕಾಲು ತೊಳೆಯಬೇಕಾಗಿಲ್ಲ, ಒದ್ದೆ ಕೈಯನ್ನು ಮೇಲೆ ಸವರಿದರೆ ಸಾಕು. ನಾಲ್ಕೂ ಮದ್‌ಹಬ್‌ಗಳು ಒಪ್ಪಿದ ವಿಷಯವಿದು. ನೆಲವೂ ಒದ್ದೆಯಾಗುವುದಿಲ್ಲ. ಶಾಫಿಈಗಳಲ್ಲಿ ನೀರು ಇಳಿಯುವ ಬಟ್ಟೆಯ ಕಾಲುಚೀಲಕ್ಕೆ ಈ ಅನುಕೂಲ ಇಲ್ಲವೆಂಬುದು ನೆನಪಿರಲಿ.

ವಿರಾಮ ಕೇಳುವಾಗ ಕಾನೂನು ಏನನ್ನುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಆರು ಗಂಟೆಗಿಂತ ಹೆಚ್ಚು ದುಡಿಯುವವರಿಗೆ 20 ನಿಮಿಷಗಳ ಅಡೆತಡೆಯಿಲ್ಲದ ವಿರಾಮ ಬ್ರಿಟನ್ನಿನಲ್ಲಿ 1998ರಿಂದ ಕಾನೂನುಬದ್ಧ ಹಕ್ಕು. ನಮಾಝ್‌ಗೆಂದೇ ಪ್ರತ್ಯೇಕ ವಿರಾಮ ಕೊಡಲೇಬೇಕೆಂದು 2010ರ ಸಮಾನತೆಯ ಕಾಯಿದೆ ಹೇಳುವುದಿಲ್ಲ, ಆದರೆ ಸಕಾರಣವಿಲ್ಲದೆ ಕೋರಿಕೆಯನ್ನು ತಳ್ಳಿಹಾಕುವುದನ್ನು ಅದು ಪ್ರಶ್ನಿಸುತ್ತದೆ. ಹಾಗಾಗಿ ಹಕ್ಕೆಂದು ಜಗಳವಾಡಲೂ ಬೇಡಿ, ಅಪರಾಧಿಯಂತೆ ಅಡಗಿ ನಿರ್ವಹಿಸಲೂ ಬೇಡಿ. ವಾರ್ಡಿನ ಮುಖ್ಯಸ್ಥೆಯ ಬಳಿ ಹೋಗಿ ಹೊತ್ತು ಹೇಳಿ, ಆ ಹತ್ತು ನಿಮಿಷ ನಿಮ್ಮ ರೋಗಿಗಳನ್ನು ನೋಡಿಕೊಳ್ಳುವವರು ಯಾರೆಂದು ಅವರಿಂದಲೇ ಗೊತ್ತುಮಾಡಿಸಿಕೊಳ್ಳಿ. “ಸತ್ಯವಿಶ್ವಾಸಿಗಳೇ, ಕರಾರುಗಳನ್ನು ಪಾಲಿಸಿರಿ” ಎಂಬ ಆಜ್ಞೆಯಿಂದ ಅಲ್‌ಮಾಇದಾ ಅಧ್ಯಾಯ ಆರಂಭವಾಗುತ್ತದೆ. ನಿಮ್ಮ ಪಾಳಿಯೂ ಒಂದು ಕರಾರೇ. ಹನಿ ಮುಗಿಯುತ್ತಿರುವ ಡ್ರಿಪ್ಪನ್ನು ಹಾಗೆಯೇ ಬಿಟ್ಟು ಯಾರಿಗೂ ಹೇಳದೆ ನಮಾಝ್‌ಗೆ ಹೋಗುವುದು ತಖ್ವಾ (ದೇವಭಯ) ಅಲ್ಲ.

ತೋಳಿನ ವಿಷಯದಲ್ಲಿ ನಿಮ್ಮ ಆಸ್ಪತ್ರೆಯವರು ನಿಮಗೆ ಪೂರ್ತಿ ಮಾಹಿತಿ ಕೊಟ್ಟಂತಿಲ್ಲ. ಸೋಂಕು ಹರಡದಿರಲೆಂದು ಬಂದ ನಿಯಮವಿದು, ಯಾರ ಧರ್ಮದ ವಿರುದ್ಧವೂ ಅಲ್ಲ. ಆದರೆ ಇಂಗ್ಲೆಂಡಿನ ಆರೋಗ್ಯ ಇಲಾಖೆ 2010ರಲ್ಲಿ ಹೊರಡಿಸಿದ ಸಮವಸ್ತ್ರದ ಮಾರ್ಗದರ್ಶಿಯಲ್ಲಿ, ಧಾರ್ಮಿಕ ಕಾರಣಕ್ಕೆ ಮುಂಗೈ ಮುಚ್ಚಿಕೊಳ್ಳಬೇಕೆನ್ನುವವರು ಒಮ್ಮೆ ಬಳಸಿ ಎಸೆಯುವ, ಮೊಣಕೈ ಮತ್ತು ಮಣಿಕಟ್ಟಿನಲ್ಲಿ ಇಲಾಸ್ಟಿಕ್ ಇರುವ ತೋಳುಗಳನ್ನು ಹಾಕಿಕೊಳ್ಳಬಹುದೆಂದಿದೆ. ಕೈಗವಸಿನಂತೆಯೇ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಅವನ್ನು ಬದಲಿಸಬೇಕು, ಕೈ ತೊಳೆಯುವ ಕ್ರಮದಲ್ಲಿ ಏನೂ ಕಡಿಮೆಯಾಗಬಾರದು. ಇದನ್ನು ಲಿಖಿತವಾಗಿ ಕೇಳಿ. ದೊರೆಯುವವರೆಗೆ? ಶಾಫಿಈ ಮದ್‌ಹಬ್‌ನಲ್ಲಿ ಮುಂಗೈ ಮುಚ್ಚಬೇಕಾದ ಭಾಗವೇ, ಅದರಲ್ಲಿ ಅನುಮಾನವಿಲ್ಲ. ಆದರೆ ರೊಟ್ಟಿ ಮಾಡುವಾಗ, ಬಟ್ಟೆ ಒಗೆಯುವಾಗ ದುಡಿಯುವ ಹೆಣ್ಣಿನ ಮುಂಗೈ ಕಾಣಿಸಿಕೊಳ್ಳುವುದು ಸಹಜವೆಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಕೊಡುವ ಅಭಿಪ್ರಾಯವೊಂದು ಇಮಾಮ್ ಅಬೂ ಯೂಸುಫ್‌ರ ಹೆಸರಿನಲ್ಲಿ ಹನಫಿ ಗ್ರಂಥಗಳಲ್ಲಿದೆ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಫಿಕ್ಹ್‌ನ (ಧರ್ಮಶಾಸ್ತ್ರದ) ವಿದ್ವಾಂಸರೊಬ್ಬರು ದುಡಿಯುವ ಹೆಣ್ಣಿನ ಕೈಯನ್ನು ಗಮನಿಸಿದ್ದರು ಎಂಬುದು ನನಗಂತೂ ಸಮಾಧಾನ ತಂದ ವಿಷಯ. ಕೈಗೆ ಹಚ್ಚುವ ಆಲ್ಕೋಹಾಲ್ ದ್ರಾವಣದ ಬಗ್ಗೆ ಚಿಂತಿಸಬೇಡಿ. ಕುಡಿಯುವುದಕ್ಕಲ್ಲದ ಆ ದ್ರಾವಣದ ಬಳಕೆಗೆ ಇಂದಿನ ಬಹುಪಾಲು ವಿದ್ವಾಂಸರ ಒಪ್ಪಿಗೆ ಇದೆ.

ಪಬ್ಬಿನ ಪ್ರಶ್ನೆಗೆ ದೀರ್ಘ ಉತ್ತರ ಬೇಡ. ಮದ್ಯ ಸುತ್ತುವ ಮೇಜಿನಲ್ಲಿ ಕೂರಬಾರದೆಂದು ಹದೀಸ್ ಇದೆ. ಹೋಗಬೇಡಿ, ಆದರೆ ಹೋಗದಿರುವುದನ್ನು ಮುಖ ಗಂಟಿಕ್ಕಿ ಹೇಳಬೇಡಿ. ನಿವೃತ್ತರಾಗುವ ಆ ಹಿರಿಯ ನರ್ಸ್‌ಗೆ ಅದೇ ದಿನ ಮಧ್ಯಾಹ್ನ ಚಹಾದ ಹೊತ್ತಿಗೆ ನೀವೇ ಮಾಡಿದ ಬಿರಿಯಾನಿಯೋ ಪತ್ತಿರಿಯೋ ಒಯ್ದರೆ ಅವರು ನೆನಪಿಟ್ಟುಕೊಳ್ಳುವುದು ಅದನ್ನೇ. ಮಗಳ ನಾಟಕದ ಬಗ್ಗೆ ಶಿಕ್ಷಕಿಯೊಂದಿಗೆ ಮಾತನಾಡಿ. ಇಂಗ್ಲೆಂಡಿನಲ್ಲಿ ಶಾಲೆಯ ಸಾಮೂಹಿಕ ಪ್ರಾರ್ಥನೆಯಿಂದ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗಿದೆ, ದೇವಪುತ್ರನೆಂದು ಹಾಡುವ ಭಾಗದಿಂದ ಬಿಡಿಸಿಕೊಳ್ಳಿ. ಅಂದು ರಾತ್ರಿ ಮಲಗುವಾಗ ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವು ತಿಂದ ಮರ್ಯಮ್‌ರ ಕಥೆಯನ್ನು ಕುರ್‌ಆನಿನಿಂದ ಹೇಳಿಕೊಡಿ. ಆ ಕಥೆ ನಮ್ಮದೂ ಹೌದೆಂದು ಮಗುವಿಗೆ ಗೊತ್ತಾಗಲಿ.

ಇನ್ನು ಮನೆ. “ಅಲ್ಲಾಹನು ವ್ಯಾಪಾರವನ್ನು ಹಲಾಲ್‌ಗೊಳಿಸಿದ್ದಾನೆ ಮತ್ತು ಬಡ್ಡಿಯನ್ನು ಹರಾಮ್‌ಗೊಳಿಸಿದ್ದಾನೆ” (2:275). ಗೆಳೆಯರು ಹೇಳಿದ ಫತ್ವಾ ಇರುವುದು ನಿಜ. ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿ 1999ರಲ್ಲಿ ಅದನ್ನು ಕೊಟ್ಟಿತು, ಅದನ್ನು ಒಪ್ಪದ ಉಲಮಾಗಳೂ ಬಹಳ ಮಂದಿ ಇದ್ದಾರೆ. ಆದರೆ ಫತ್ವಾವನ್ನು ಹೇಳುವವರು ಅದರ ಷರತ್ತುಗಳನ್ನು ಹೇಳುವುದಿಲ್ಲ: ಮನೆ ಸ್ವಂತ ವಾಸಕ್ಕೇ ಆಗಿರಬೇಕು, ಬೇರೆ ಮನೆ ಇರಬಾರದು, ಕೊಳ್ಳುವಷ್ಟು ಹಣ ಕೈಯಲ್ಲಿರಬಾರದು, ಬಡ್ಡಿಯಿಲ್ಲದ ಬೇರೆ ದಾರಿ ಇರಬಾರದು. ನಿಮ್ಮ ಊರಿನಲ್ಲಿ ಈ ಕೊನೆಯ ಷರತ್ತು ಬಹುಮಟ್ಟಿಗೆ ಬಿದ್ದುಹೋಗಿದೆ. ಬ್ಯಾಂಕು ಮನೆ ಕೊಂಡು ನಿಮಗೆ ಮಾರಿದರೆ ಎರಡೆರಡು ಸಲ ಮುದ್ರಾಂಕ ಶುಲ್ಕ ತೆರಬೇಕಾಗುತ್ತಿದ್ದ ತೊಡಕನ್ನು ಬ್ರಿಟನ್ 2003ರಲ್ಲಿ ನಿವಾರಿಸಿತು; 2004ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಸ್ಲಾಮಿಕ್ ಬ್ಯಾಂಕ್ ಆಫ್ ಬ್ರಿಟನ್ ಆರಂಭವಾಯಿತು, ಈಗ ಅದರ ಹೆಸರು ಅಲ್ ರಯ್ಯಾನ್. ನಮ್ಮಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿಬಿಟ್ಟಿತು. ಮನೆ ಕಟ್ಟುವ ವಿಷಯದಲ್ಲಿ ದೀನ್ ಪಾಲಿಸುವುದು ಪುತ್ತೂರಿಗಿಂತ ಲೆಸ್ಟರ್‌ನಲ್ಲಿ ಸುಲಭವೆಂಬುದನ್ನು ನಿಮ್ಮ ಉಸ್ತಾದರ ಗಮನಕ್ಕೂ ತರಬಹುದು.

ಅದರ ಲೆಕ್ಕಾಚಾರ ಹೀಗೆ. ಎರಡೂವರೆ ಲಕ್ಷ ಪೌಂಡಿನ ಮನೆಗೆ ನೀವು 50 ಸಾವಿರ, ಬ್ಯಾಂಕು ಎರಡು ಲಕ್ಷ ಹಾಕುತ್ತದೆಂದಿಟ್ಟುಕೊಳ್ಳಿ. ಮನೆಯಲ್ಲಿ ಐದರಲ್ಲೊಂದು ಪಾಲು ನಿಮ್ಮದು, ನಾಲ್ಕು ಪಾಲು ಬ್ಯಾಂಕಿನದು. ಬ್ಯಾಂಕಿನ ಪಾಲಿಗೆ ಬಾಡಿಗೆ ಕಟ್ಟುತ್ತೀರಿ, ಜೊತೆಗೆ ತಿಂಗಳು ತಿಂಗಳು ಅದರ ಪಾಲನ್ನು ಸ್ವಲ್ಪ ಸ್ವಲ್ಪವೇ ಕೊಳ್ಳುತ್ತೀರಿ. ಅದರ ಪಾಲು ಕರಗಿದಂತೆ ಬಾಡಿಗೆಯೂ ಇಳಿಯುತ್ತದೆ. ಬಾಡಿಗೆಯನ್ನು ಬಡ್ಡಿದರ ನೋಡಿಯೇ ನಿಗದಿ ಮಾಡುತ್ತಾರಲ್ಲ, ಹೆಸರು ಬದಲಿಸಿದ ಬಡ್ಡಿಯೇ ಅಲ್ಲವೇ ಎಂದು ನಿಮ್ಮ ಪತಿ ಕೇಳಬಹುದು. ನನಗೂ ಆ ಇರಿಸುಮುರಿಸು ಇದೆ. ದರವನ್ನು ಯಾವುದನ್ನು ನೋಡಿ ನಿಗದಿ ಮಾಡಿದರೆಂಬುದರಿಂದ ಮಾತ್ರ ಬಾಡಿಗೆ ಬಡ್ಡಿಯಾಗುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ನಾಳೆ ಮನೆ ಸುಟ್ಟುಹೋದರೆ ಬ್ಯಾಂಕಿನ ನಾಲ್ಕು ಪಾಲಿನ ನಷ್ಟ ಯಾರ ತಲೆಗೆ? ಕರಾರಿನಲ್ಲಿ ಇದಕ್ಕೆ ಏನು ಬರೆದಿದೆಯೆಂದು ಸಹಿ ಹಾಕುವ ಮುನ್ನ ವಕೀಲರಿಂದ ಓದಿಸಿ. ಮುಂಗಡ ಹೆಚ್ಚು ಬೇಕೆಂಬುದು, ತಿಂಗಳ ಕಂತು ಭಾರವಾಗಬಹುದೆಂಬುದು ನಿಜ. ಆಗದಿದ್ದರೆ ಬಾಡಿಗೆ ಮನೆಯಲ್ಲೇ ಇರಿ. ಬಾಡಿಗೆಯಲ್ಲಿರುವುದು ಅವಮಾನವೆಂಬ ಭಾವನೆ ನಮ್ಮ ಕರಾವಳಿಯದು, ಶರೀಅತ್‌ನದ್ದಲ್ಲ. ಅರ್ಜಿ ತುಂಬಿದ್ದಾರೆ, ಸಹಿ ಹಾಕಿಲ್ಲ ಎಂದಿದ್ದೀರಿ. ಹಾಗಾದರೆ ಇನ್ನೂ ತಡವಾಗಿಲ್ಲ. ಅದೇ ಕುಳಿತಲ್ಲಿ ಪತಿಯ ಪಿಂಚಣಿಯನ್ನೂ ನೋಡಿ. ನಿಮ್ಮ ಆಸ್ಪತ್ರೆಯ ಪಿಂಚಣಿ ಷೇರುಪೇಟೆಯಲ್ಲಿ ಹೂಡುವಂಥದ್ದಲ್ಲ. ಖಾಸಗಿ ಕಂಪೆನಿಯದ್ದು ಹೂಡುವಂಥದ್ದು, ಏನನ್ನೂ ಆರಿಸದಿದ್ದರೆ ಬ್ಯಾಂಕು, ಮದ್ಯದ ಕಂಪೆನಿಗಳ ಷೇರಿಗೂ ಹಣ ಹೋಗುತ್ತದೆ. ಶರೀಅತ್ ನಿಧಿಯ ಆಯ್ಕೆ ಇದೆಯೇ ಎಂದು ಒಂದು ಇಮೇಲ್ ಹಾಕಿದರೆ ತಿಳಿಯುತ್ತದೆ.

ಕೊನೆಗೆ ಉಸ್ತಾದರ ಮಾತು. ಅದರ ಹಿಂದೆ ಕಾಳಜಿ ಇದೆ, ಬೇಸರಿಸಬೇಡಿ. ಆದರೆ ಕ್ರಿ.ಶ. 615ರಲ್ಲಿ ಕ್ರೈಸ್ತ ರಾಜ ನಜಾಶಿಯ ಹಬಶಾಕ್ಕೆ (ಈಗಿನ ಇಥಿಯೋಪಿಯಾ ಕಡೆಗೆ) ಮುಸ್ಲಿಮರು ವಲಸೆ ಹೋಗಲು ಆರಂಭಿಸಿದರು. 622ರಲ್ಲಿ ಮದೀನಾದಲ್ಲಿ ಮುಸ್ಲಿಮರಿಗೆ ನೆಲೆ ಸಿಕ್ಕ ಮೇಲೂ ಹಾಗೆ ಹೋಗಿದ್ದ ಜಅ್‌ಫರ್ (ರ) ಅವರ ತಂಡ ಆರು ವರ್ಷ ಹಬಶಾದಲ್ಲೇ ಇತ್ತು, ಹಿಜರಿ 7ರಲ್ಲಿ ಮರಳಿತು. ಹಡಗಿನಲ್ಲಿ ಬಂದವರಲ್ಲಿ ಜಅ್‌ಫರ್‌ರ ಪತ್ನಿ ಅಸ್ಮಾ ಬಿನ್ತ್ ಉಮೈಸ್ (ರ) ಇದ್ದರು. ಅವರನ್ನು ಕಂಡ, ಪ್ರವಾದಿಯವರ ಸಂಗಡಿಗ ಉಮರ್ (ರ), “ಹಬಶಾದವಳು ಇವಳೇ? ಸಮುದ್ರದವಳು ಇವಳೇ?” ಎಂದು ಕೇಳಿ, ಹಿಜ್ರಾದಲ್ಲಿ (ದೀನ್‌ಗಾಗಿ ಮಾಡುವ ವಲಸೆಯಲ್ಲಿ) ನಾವು ನಿಮಗಿಂತ ಮುಂದೆ ಎಂದರು. ಅಸ್ಮಾ ಸಿಟ್ಟಾದರು. ನೀವು ಪ್ರವಾದಿಯವರ ಜೊತೆಗಿದ್ದಿರಿ, ನಿಮ್ಮಲ್ಲಿ ಹಸಿದವರಿಗೆ ಅವರು ಉಣಿಸಿದರು, ನಾವು ದೂರದ ಪರನಾಡಿನಲ್ಲಿದ್ದೆವು, ಅದೂ ಅಲ್ಲಾಹನಿಗಾಗಿ ಎಂದು ಮುಖಕ್ಕೆ ಹೇಳಿ, ನೇರವಾಗಿ ಪ್ರವಾದಿಯವರ (ಸ) ಬಳಿಗೇ ದೂರು ಒಯ್ದರು. ಉಮರ್ ಮತ್ತವರ ಸಂಗಡಿಗರಿಗೆ ಒಂದು ಹಿಜ್ರಾ, ಹಡಗಿನವರಾದ ನಿಮಗೆ ಎರಡು, ಎಂಬುದು ಪ್ರವಾದಿಯವರ ತೀರ್ಪಾಗಿತ್ತು. ಅದೇ ಹಡಗಿನಲ್ಲಿ ಬಂದಿದ್ದ ಅಬೂ ಮೂಸಾ (ರ) ಮತ್ತವರ ಜೊತೆಗಾರರು ಆಮೇಲೆ ಗುಂಪು ಗುಂಪಾಗಿ ಅಸ್ಮಾರ ಬಳಿಗೆ ಬಂದು ಈ ಮಾತನ್ನು ಕೇಳುತ್ತಿದ್ದರಂತೆ. ಅಬೂ ಮೂಸಾ ಅಂತೂ ಒಮ್ಮೆ ಕೇಳಿದ್ದು ಸಾಲದೆ, ಇನ್ನೊಮ್ಮೆ ಹೇಳಿ ಎನ್ನುತ್ತಿದ್ದರಂತೆ.

— ಸಂಪಾದಕ