ತಾತನ ಉಯಿಲಿನ ಕಡತ ಯಾವ ಕೋರ್ಟಿನಲ್ಲಿದೆ?

ಪ್ರಶ್ನೆ: ನಮ್ಮ ತಾಯಿಯ ತವರು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ತಾತ 1983ರಲ್ಲಿ ತೀರಿಕೊಂಡರು. ಏಳು ಎಕರೆ ಕಾಫಿ ತೋಟ ಮತ್ತು ಹಾಸನದಲ್ಲಿ ಒಂದು ಮನೆ ಅವರ ಹೆಸರಿನಲ್ಲಿದ್ದವು. ಎಲ್ಲವೂ ತಮಗೇ ಸೇರುವಂತೆ ತಾತ ಉಯಿಲು ಬರೆದಿದ್ದರು, ಕೋರ್ಟಿನಲ್ಲಿ ಪ್ರೊಬೇಟ್ ಕೂಡ ಆಗಿದೆ ಎಂದು ಸೋದರಮಾವ ಹೇಳುತ್ತಾ ಬಂದಿದ್ದಾರೆ. ಕಾಗದವನ್ನು ಮಾತ್ರ ನಾವು ಯಾರೂ ನೋಡಿಲ್ಲ. ಜಗಳ ಬೇಡ, ಅಪ್ಪ ಏನು ಬರೆದಿದ್ದರು ಎಂದು ಒಮ್ಮೆ ಓದಬೇಕು ಎನ್ನುವುದು ತಾಯಿಯ ಆಸೆ. ಕೇಸಿನ ನಂಬರು ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಂದೆ ಬರೆದದ್ದನ್ನು ಓದಬೇಕೆಂಬ ಮಗಳ ಆಸೆ ನ್ಯಾಯವಾದದ್ದು. ಅದಕ್ಕೆ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ, ದಾರಿಯೂ ಇದೆ. ಆದರೆ ಕೋರ್ಟಿನಿಂದ ಶುರು ಮಾಡಬೇಡಿ, ಪಹಣಿಯಿಂದ ಶುರು ಮಾಡಿ.

ಕಾರಣ ಹೇಳುತ್ತೇನೆ. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದು ಎಂದು ಕೋರ್ಟು ಕೊಡುವ ದೃಢೀಕರಣ. ಉಯಿಲನ್ನು ಪ್ರೊಬೇಟ್ ಮಾಡಿಸಲೇಬೇಕೆಂಬ ಕಡ್ಡಾಯ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದ್ದದ್ದು ಹಿಂದಿನ ಬಂಗಾಳ ಪ್ರಾಂತ್ಯ ಹಾಗೂ ಮದ್ರಾಸ್, ಮುಂಬಯಿ ನಗರಗಳಿಗೆ ಸಂಬಂಧಿಸಿದ ಹಿಂದೂಗಳ ಉಯಿಲುಗಳಿಗೆ. ಹಾಸನ, ಚಿಕ್ಕಮಗಳೂರಿನ ಜಮೀನಿನ ಬಗ್ಗೆ ಇಲ್ಲಿಯೇ ಬರೆದ ಉಯಿಲಿಗೆ ಆ ಕಟ್ಟು ಇರಲಿಲ್ಲ. ಹಾಗಾಗಿ ನಮ್ಮ ಕಡೆಯ ಬಹುಪಾಲು ಉಯಿಲುಗಳು ಪ್ರೊಬೇಟ್ ಕೋರ್ಟಿನ ಮೆಟ್ಟಿಲು ಹತ್ತದೆ ನೇರವಾಗಿ ಖಾತೆ ಬದಲಾವಣೆಗೆ ಹೋಗಿವೆ. ಮನೆಗಳಲ್ಲಿ 'ಪ್ರೊಬೇಟ್ ಆಗಿದೆ' ಎಂದು ಹೇಳುವಾಗ ನಿಜದಲ್ಲಿ ಆಗಿರುವುದು ಹಲವು ಬಗೆ: ಉಯಿಲು ರಿಜಿಸ್ಟರ್ ಆಗಿರಬಹುದು, ಖಾತೆ ಬದಲಾಗಿರಬಹುದು, ಬ್ಯಾಂಕಿನ ಹಣಕ್ಕೆ ಉತ್ತರಾಧಿಕಾರ ಪ್ರಮಾಣಪತ್ರ ಪಡೆದಿರಬಹುದು, ಪಾಲಿನ ದಾವೆ ರಾಜಿಯಲ್ಲಿ ಮುಗಿದಿರಬಹುದು. ಸೋದರಮಾವ ಸುಳ್ಳು ಹೇಳುತ್ತಿದ್ದಾರೆ ಎಂದು ಇದರ ಅರ್ಥವಲ್ಲ. ಅವರಿಗೂ ಹಾಗೆಯೇ ಹೇಳಿರಬಹುದು.

ಪಹಣಿಯಲ್ಲಿ ಖಾತೆದಾರರ ಹೆಸರಿನ ಪಕ್ಕದಲ್ಲಿ ಎಂ.ಆರ್. ಎಂದು ಬರೆದು ಒಂದು ಸಂಖ್ಯೆ, ಒಂದು ವರ್ಷ ಇರುತ್ತದೆ. ಅದು ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ನಂಬರು. ತಾತನ ಹೆಸರು ಹೋಗಿ ಮಾವನ ಹೆಸರು ಬಂದ ವರ್ಷದ ಹಳೆಯ ಕೈಬರಹದ ಪಹಣಿ ಮತ್ತು ಆ ಎಂ.ಆರ್. ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ವಿಭಾಗದಲ್ಲಿ ಅರ್ಜಿ ಕೊಡಿ. ಖಾತೆ ಬಂದದ್ದು ಪೌತಿಯಿಂದಲೋ (ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದು), ಉಯಿಲಿನಿಂದಲೋ, ಕೋರ್ಟಿನ ಆದೇಶದಿಂದಲೋ ಎಂಬುದು ಅದರಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಇರುತ್ತದೆ. ಕೋರ್ಟಿನ ಆದೇಶವಾಗಿದ್ದರೆ ಕೇಸಿನ ನಂಬರನ್ನೂ ಅಲ್ಲಿಯೇ ಕಾಣಿಸಿರುತ್ತಾರೆ. ಹಾಸನದ ಮನೆಯ ಖಾತೆ ಕಡತವನ್ನೂ ಹೀಗೆಯೇ ಕೇಳಿ. ಈ ಎರಡು ಕಾಗದ ಕೈಗೆ ಬಂದರೆ ಅರ್ಧ ಕೆಲಸ ಆದಂತೆ.

ನಂಬರು ಸಿಕ್ಕಿತು ಎನ್ನೋಣ. ನಮ್ಮ ರಾಜ್ಯದ ಕೋರ್ಟುಗಳಲ್ಲಿ ಪ್ರೊಬೇಟ್ ಮತ್ತು ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿಗಳು 'ಪಿ ಅಂಡ್ ಎಸ್‌ಸಿ' ಎಂಬ ಗುಂಪಿನಲ್ಲಿ ಇರುತ್ತವೆ. ಹಳೆಯವು ಮಿಸಲೇನಿಯಸ್ ಅರ್ಜಿಯ ಸಂಖ್ಯೆಯಲ್ಲೂ ಇರಬಹುದು. ಯಾರಾದರೂ ತಕರಾರು ಎತ್ತಿದ್ದರೆ ಪ್ರೊಬೇಟ್ ಅರ್ಜಿಯೇ ದಾವೆಯ ರೂಪ ತಾಳುತ್ತದೆ. ಆಗ ಅದನ್ನು ಓ.ಎಸ್., ಅಂದರೆ ಮೂಲ ದಾವೆಯ ಸಂಖ್ಯೆಯಲ್ಲಿ ಹುಡುಕಬೇಕು. ಇನ್ನೊಂದು ಮಾತು: ಉಯಿಲಿನಲ್ಲಿ ಅದನ್ನು ಜಾರಿಗೊಳಿಸುವ ಎಕ್ಸಿಕ್ಯೂಟರ್ ಎಂದು ಯಾರನ್ನಾದರೂ ನೇಮಿಸಿದ್ದರೆ ಮಾತ್ರ ಅವರಿಗೆ ಪ್ರೊಬೇಟ್ ಸಿಗುತ್ತದೆ. ಹಾಗೆ ನೇಮಿಸದಿದ್ದರೆ ಸಿಗುವುದು ಉಯಿಲನ್ನು ಲಗತ್ತಿಸಿದ ಆಡಳಿತಾಧಿಕಾರ ಪತ್ರ. ಪ್ರೊಬೇಟ್ ಎಂಬ ಹೆಸರನ್ನೇ ಹಿಡಿದು ಹುಡುಕಿದವರು ಈ ಕಡತವನ್ನು ದಾಟಿ ಮುಂದೆ ಹೋಗಿರುವುದನ್ನು ನಾನು ಕಂಡಿದ್ದೇನೆ.

ನಂಬರು ಸಿಗದಿದ್ದರೂ ಕೈಚೆಲ್ಲಬೇಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು, ಪಕ್ಷಗಾರರ ಹೆಸರು, ವರ್ಷ ಕೊಟ್ಟು ಹುಡುಕಬಹುದು. ತೀರ್ಮಾನವಾದ ಪ್ರಕರಣಗಳನ್ನೂ ಸೇರಿಸಿ ತೋರಿಸುವಂತೆ ಗುರುತು ಮಾಡಬೇಕು. ಕಾಗುಣಿತವೇ ಇಲ್ಲಿನ ದೊಡ್ಡ ತೊಡಕು. ತಿಮ್ಮೇಗೌಡ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ 'ಎಚ್' ಸೇರಿಸಿಯೂ ಬಿಟ್ಟೂ, ಗೌಡ ಎಂಬುದನ್ನು ಕೂಡಿಸಿಯೂ ಬಿಡಿಸಿಯೂ ಬರೆದಿರುತ್ತಾರೆ. ಹೆಸರಿನ ಮೊದಲ ನಾಲ್ಕೈದು ಅಕ್ಷರಗಳನ್ನಷ್ಟೇ ಕೊಟ್ಟು ನೋಡಿ. ತಾತನ ಹೆಸರಿಗಿಂತ ಅರ್ಜಿ ಹಾಕಿದವರ ಹೆಸರಿನಲ್ಲಿ ಹುಡುಕುವುದು ಮುಖ್ಯ, ಏಕೆಂದರೆ ತೀರಿಕೊಂಡವರು ಪಕ್ಷಗಾರರಲ್ಲ. ಆದರೆ ನಿಮ್ಮದು 1980ರ ದಶಕದ ಮಾತು. ಕಂಪ್ಯೂಟರ್ ಬರುವ ಮೊದಲೇ ಮುಗಿದುಹೋದ ಪ್ರಕರಣ ಅಲ್ಲಿ ಸಿಗುವ ಸಾಧ್ಯತೆ ಕಡಿಮೆ. ತೆರೆಯ ಮೇಲೆ ಏನೂ ಬರದಿದ್ದರೆ ಕಡತವೇ ಇಲ್ಲವೆಂದು ತಿಳಿಯಬೇಡಿ.

ಆಗ ಉಳಿಯುವುದು ಕೋರ್ಟಿನ ರಿಜಿಸ್ಟರ್. ಪ್ರತಿ ವರ್ಷ ದಾಖಲಾದ ಪ್ರಕರಣಗಳನ್ನು ಸಂಖ್ಯೆಯ ಕ್ರಮದಲ್ಲಿ ಬರೆದಿಟ್ಟ ದೊಡ್ಡ ಪುಸ್ತಕಗಳಿವೆ. ತಾತ ತೀರಿಕೊಂಡ ವರ್ಷ ಮತ್ತು ಅದರ ನಂತರದ ನಾಲ್ಕೈದು ವರ್ಷಗಳ ಪಿ ಅಂಡ್ ಎಸ್‌ಸಿ ಪುಟಗಳನ್ನು ನೋಡಿಕೊಡುವಂತೆ ಅರ್ಜಿ ಹಾಕಿ. ದಾವೆಗಳಿಗೆ ಹೋಲಿಸಿದರೆ ಇಂಥ ಅರ್ಜಿಗಳು ತೀರಾ ಕಡಿಮೆ. ಆದ್ದರಿಂದ ನೀವು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ ಇದು.

ಯಾವ ಕೋರ್ಟು ಎಂಬ ಪ್ರಶ್ನೆಗೆ ಬರುತ್ತೇನೆ. ಕಾಯ್ದೆಯ ಪ್ರಕಾರ ಅಧಿಕಾರ ಜಿಲ್ಲಾ ನ್ಯಾಯಾಧೀಶರದು. ರೂಢಿಯಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೂ ಇವು ನಡೆಯುತ್ತವೆ. ತೀರಿಕೊಂಡವರ ವಾಸ ಎಲ್ಲಿತ್ತೋ ಅಲ್ಲಿ, ಅಥವಾ ಅವರ ಯಾವುದಾದರೂ ಆಸ್ತಿ ಎಲ್ಲಿದೆಯೋ ಅಲ್ಲಿ ಅರ್ಜಿ ಹಾಕಬಹುದು. ತೋಟ ಸಕಲೇಶಪುರದಲ್ಲಿ, ಮನೆ ಹಾಸನದಲ್ಲಿ, ಕೊನೆಗಾಲ ಮಗನ ಜೊತೆ ಬೆಂಗಳೂರಿನಲ್ಲಿ ಎನ್ನುವುದು ಮಲೆನಾಡಿನ ಎಷ್ಟೋ ಕುಟುಂಬಗಳ ಕಥೆ. ಆಗ ಮೂರು ಕಡೆಯೂ ಕೇಳಬೇಕು. ನಿಮ್ಮ ವಿಷಯದಲ್ಲಿ ಹಾಸನದ ಜಿಲ್ಲಾ ನ್ಯಾಯಾಲಯ ಮೊದಲು, ಸಕಲೇಶಪುರ ಆಮೇಲೆ.

ಕಡತ ಇದೆ ಎಂದು ಗೊತ್ತಾದ ಮೇಲೆ ನಕಲು ಶಾಖೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ. ನಿಮ್ಮ ತಾಯಿ ಆ ಪ್ರಕರಣದಲ್ಲಿ ಪ್ರತಿವಾದಿಯಾಗಿದ್ದರೆ ಹಕ್ಕಿನಿಂದ ಕೇಳಬಹುದು. ಅವರ ಹೆಸರೇ ಇಲ್ಲದಿದ್ದರೆ, ತಾವು ತೀರಿಕೊಂಡವರ ಮಗಳು, ಇಂಥ ಕಾರಣಕ್ಕೆ ನಕಲು ಬೇಕು ಎಂದು ಅಫಿಡವಿಟ್ ಸೇರಿಸಬೇಕು. ತಾತನ ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ಒಂದು ದಾಖಲೆ ಜೊತೆಗಿರಲಿ. ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು, ಮಾಹಿತಿ ಹಕ್ಕಿನ ಮೂಲಕ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಆ ದಾರಿಯಲ್ಲಿ ತಿಂಗಳು ಕಳೆಯಬೇಡಿ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಆದೇಶದ ನಕಲು ಒಂದನ್ನೇ ತೆಗೆದುಕೊಂಡು ಬರಬೇಡಿ. ಆದೇಶ ಎರಡು ಪುಟ ಇರಬಹುದು, ಕುಟುಂಬದ ಕಥೆ ಉಳಿದ ಪುಟಗಳಲ್ಲಿದೆ. ಅರ್ಜಿ, ಉಯಿಲು, ದಿನದಿನದ ನಡಾವಳಿ ಬರೆದ ಆರ್ಡರ್ ಶೀಟ್, ನೋಟಿಸುಗಳು, ಸಾಕ್ಷಿಗಳ ಹೇಳಿಕೆ, ಆಸ್ತಿಪಟ್ಟಿ ಎಲ್ಲವನ್ನೂ ಕೇಳಿ. ಪ್ರೊಬೇಟ್ ಆದ ಮೂಲ ಉಯಿಲನ್ನು ಕೋರ್ಟಿನಲ್ಲೇ ಇರಿಸಿ ಕಾಪಾಡಬೇಕು ಎಂದು ಕಾಯ್ದೆಯ 294ನೇ ಕಲಮು ಹೇಳುತ್ತದೆ. 317ನೇ ಕಲಮಿನಂತೆ, ಪ್ರೊಬೇಟ್ ಪಡೆದವರು ಆರು ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪೂರ್ಣ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ತಾತನಿಗೆ ಏನೇನಿತ್ತು ಎಂದು ಮಕ್ಕಳಿಗೇ ಗೊತ್ತಿರದ ಸಂಗತಿಗಳು ಈ ಪಟ್ಟಿಯಲ್ಲಿ ಸಿಗುತ್ತವೆ.

ಬೇಲೂರು ಕಡೆಯ ಹೆಣ್ಣುಮಗಳೊಬ್ಬರಿಗಾಗಿ ಹೀಗೆ ಒಂದು ಹಳೆಯ ಕಡತ ತೆಗೆಸಿದ್ದೆ. ಕೆಂಪು ಬಟ್ಟೆಯ ಕಟ್ಟು ಬಿಚ್ಚಿದಾಗ ಹಾಳೆಗಳ ಅಂಚು ಪುಡಿಯಾಗಿ ಮೇಜಿನ ಮೇಲೆ ಉದುರಿತು. 'ಎಲ್ಲ ವಾರಸುದಾರರಿಗೂ ನೋಟಿಸು ಜಾರಿಯಾಗಿದೆ, ಯಾರೂ ತಕರಾರು ಮಾಡಿಲ್ಲ' ಎಂದು ಆರ್ಡರ್ ಶೀಟಿನಲ್ಲಿ ಇತ್ತು. ಆಕೆಯ ತಾಯಿಗೆ ಹೋದ ನೋಟಿಸನ್ನು ತಿರುಗಿಸಿ ನೋಡಿದೆವು. ಹಿಂಬದಿಯಲ್ಲಿ ನೋಟಿಸು ಜಾರಿ ಮಾಡುವ ಅಮೀನರ ಷರಾ, ಅದರ ಕೆಳಗೆ ನೀಲಿ ಶಾಯಿಯ ಎಡಗೈ ಹೆಬ್ಬೆಟ್ಟಿನ ಗುರುತು. ಆ ತಾಯಿ ಏಳನೆಯ ತರಗತಿ ಓದಿದ್ದವರು, ಜೀವಮಾನವಿಡೀ ಸಹಿ ಮಾಡಿದವರು. ಮಗಳು ಆ ಹಾಳೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆದೇಶದ ನಕಲನ್ನಷ್ಟೇ ತಂದಿದ್ದರೆ ಈ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ. ಅದನ್ನು ಮುಂದಿಟ್ಟುಕೊಂಡೇ ಆಕೆ ಅಣ್ಣಂದಿರ ಜೊತೆ ಕುಳಿತು ಮಾತನಾಡಿದರು, ಕೋರ್ಟಿಗೆ ಹೋಗಬೇಕಾಗಲಿಲ್ಲ.

ಕಡತ ಓದುವಾಗ ಎರಡು ಸಂಗತಿ ನೆನಪಿರಲಿ. ಪ್ರೊಬೇಟ್ ಕೋರ್ಟು ತೀರ್ಮಾನಿಸುವುದು ಉಯಿಲು ನಿಜವೇ, ಕ್ರಮವಾಗಿ ಬರೆದದ್ದೇ ಎಂಬುದನ್ನು ಮಾತ್ರ. ಆ ಆಸ್ತಿ ತಾತನ ಸ್ವಂತದ್ದೋ, ಪಿತ್ರಾರ್ಜಿತವೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ತಮ್ಮದಲ್ಲದ ಪಾಲನ್ನು ಉಯಿಲಿನಲ್ಲಿ ಕೊಡಲು ಯಾರಿಗೂ ಸಾಧ್ಯವಿಲ್ಲ. ಎರಡನೆಯದು ಕಾಲಮಿತಿ. ಸರಿಯಾದ ಕಾರಣವಿದ್ದರೆ 263ನೇ ಕಲಮಿನಡಿ ಪ್ರೊಬೇಟ್ ರದ್ದು ಕೋರಬಹುದು. ಆದರೆ ಅದಕ್ಕೆ ಮೂರು ವರ್ಷದ ಮಿತಿ ಅನ್ವಯಿಸುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ದಶಕಗಳ ನಂತರ ಬಂದ ಅರ್ಜಿಯೊಂದನ್ನು ತಳ್ಳಿಹಾಕಿದೆ. ನಿಮ್ಮ ತಾಯಿಗೆ ಜಗಳ ಬೇಡ, ಸರಿ. ಆದರೂ ನಕಲು ಕೈಗೆ ಬಂದ ದಿನವನ್ನು ಬರೆದಿಡಿ, ತಡಮಾಡದೆ ಒಬ್ಬ ವಕೀಲರಿಗೆ ತೋರಿಸಿ.

ಹಳೆಯ ಕಡತ ನಾಶವಾಗಿದೆ ಎಂಬ ಉತ್ತರವೂ ಬರಬಹುದು. ಕಡತದ ಎಲ್ಲ ಹಾಳೆಗಳಿಗೂ ಒಂದೇ ಆಯಸ್ಸಿಲ್ಲ. ಕೆಲವನ್ನು ನಿಗದಿತ ವರ್ಷಗಳ ನಂತರ ನಿಯಮದಂತೆ ತೆಗೆದುಹಾಕುತ್ತಾರೆ, ತೀರ್ಪಿನಂಥವನ್ನು ಉಳಿಸಿಕೊಳ್ಳುತ್ತಾರೆ. ಬಾಯಿಮಾತಿಗೆ ತೃಪ್ತರಾಗದೆ ಅದನ್ನು ಹಿಂಬರಹದಲ್ಲಿ ಕೊಡುವಂತೆ ಕೇಳಿ, ರಿಜಿಸ್ಟರಿನ ಆ ಪುಟದ ನಕಲನ್ನಾದರೂ ಪಡೆಯಿರಿ.

ಪ್ರಶ್ನೆ: ನಮ್ಮ ದೊಡ್ಡಪ್ಪ ಮೂಡಿಗೆರೆಯಲ್ಲಿ ಉಯಿಲು ರಿಜಿಸ್ಟರ್ ಮಾಡಿಸಿದ್ದೇನೆ ಎಂದು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಋಣಭಾರ ಪತ್ರ ತೆಗೆಸಿದೆವು, ಉಯಿಲಿನ ಸುಳಿವೇ ಇಲ್ಲ. ಹಾಗಾದರೆ ಉಯಿಲು ಇಲ್ಲವೆಂದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹಾಗೆ ತೀರ್ಮಾನಿಸಬೇಡಿ. ಋಣಭಾರ ಪತ್ರ ತಯಾರಾಗುವುದು ಕ್ರಯ, ಅಡಮಾನಗಳ ಪುಸ್ತಕದಿಂದ. ಉಯಿಲುಗಳಿಗೆ ನೋಂದಣಿ ಕಾಯ್ದೆಯಲ್ಲಿ ಬೇರೆಯೇ ಪುಸ್ತಕವಿದೆ, ಅದು ಮೂರನೆಯ ಪುಸ್ತಕ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಅಧಿಕೃತ ಪ್ರತಿನಿಧಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು ಎಂದು ಕಾಯ್ದೆಯ 57ನೇ ಕಲಮು ಹೇಳುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ, 'ಮೂರನೆಯ ಪುಸ್ತಕದಲ್ಲಿ ಹುಡುಕಿಕೊಡಿ' ಎಂದು ಸ್ಪಷ್ಟವಾಗಿ ಬರೆದು ಕೇಳಿ. ಜಮೀನು ಇರುವ ಕಡೆಯೇ ಉಯಿಲು ರಿಜಿಸ್ಟರ್ ಆಗಬೇಕೆಂದಿಲ್ಲ, ಆದ್ದರಿಂದ ಚಿಕ್ಕಮಗಳೂರು, ಬೇಲೂರು, ಸಕಲೇಶಪುರದಲ್ಲೂ ಕೇಳಿ. ಬರೆದವರು ತೀರಿಕೊಂಡ ನಂತರವೂ ಉಯಿಲನ್ನು ನೋಂದಾಯಿಸಲು ಅವಕಾಶವಿದೆ, ಹಾಗಾಗಿ ಆನಂತರದ ವರ್ಷಗಳನ್ನೂ ಬಿಡಬೇಡಿ.

ಮೊಹರು ಮಾಡಿದ ಲಕೋಟೆಯಲ್ಲಿ ಉಯಿಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳಿಗೆ ಒಪ್ಪಿಸುವ ಪದ್ಧತಿಯೂ ಇದೆ. ಅಂಥ ಲಕೋಟೆ ಇದ್ದರೆ, ಮರಣದ ದಾಖಲೆಯೊಂದಿಗೆ ಅರ್ಜಿ ಕೊಟ್ಟವರ ಎದುರಿನಲ್ಲೇ ಅದನ್ನು ಒಡೆದು, ಮೂರನೆಯ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಅಲ್ಲಿಯೇ ಇಡುತ್ತಾರೆ. ರಿಜಿಸ್ಟರ್ ಆದ ಉಯಿಲಾದರೂ ತಕರಾರು ಬಂದಾಗ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ನಕಲು ಸಿಕ್ಕ ತಕ್ಷಣ ಸಾಕ್ಷಿಗಳು ಯಾರು, ಬದುಕಿದ್ದಾರೆಯೇ ಎಂದು ವಿಚಾರಿಸಿ.

ಪ್ರಶ್ನೆ: ಊರಿನ ಇತಿಹಾಸ ಬರೆಯುತ್ತಿದ್ದೇನೆ. 1930ರ ದಶಕದ ಉಯಿಲು, ವಾರಸುದಾರಿಕೆಯ ಕಾಗದಗಳನ್ನು ಹುಡುಕುವಾಗ ಏನು ಗಮನಿಸಬೇಕು?
– ವಿದ್ಯಾರ್ಥಿ, ತರೀಕೆರೆ

ಉತ್ತರ: ಮೊದಲು ಹೆಸರುಗಳು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಸಕಲೇಶಪುರದ ಸೀಮೆ ಹಳೆಯ ಕಾಗದಗಳಲ್ಲಿ ಮಂಜರಾಬಾದು ತಾಲ್ಲೂಕು. ಹೆಂಗಸರ ಹೆಸರಿನ ಮುಂದೆ 'ಕೋಂ' ಎಂದಿದ್ದರೆ ಇಂಥವರ ಹೆಂಡತಿ ಎಂದರ್ಥ, 'ಬಿನ್' ಎಂದರೆ ಇಂಥವರ ಮಗ. ತಾರೀಖಿನ ಬದಲು ಸಂವತ್ಸರ ಮಾತ್ರ ಇರುವುದುಂಟು. ಯುವ ಸಂವತ್ಸರ ಎಂದರೆ 1935-36, ಅದರಿಂದ ಹಿಂದೆ ಮುಂದೆ ಎಣಿಸಿಕೊಳ್ಳಿ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ಆ ವರ್ಷದ ಹಿಂದಿನ ಮತ್ತು ಮುಂದಿನ ಕಾಗದಗಳಲ್ಲಿ ವಿಧವೆಯರು, ಹೆಣ್ಣುಮಕ್ಕಳು ಎಲ್ಲಿ, ಹೇಗೆ ಕಾಣಿಸಿಕೊಳ್ಳುತ್ತಾರೆ ಎಂದು ಪಕ್ಕಪಕ್ಕ ಇಟ್ಟು ನೋಡಿ, ನಿಮ್ಮ ಬರವಣಿಗೆಗೆ ದೊಡ್ಡ ವಿಷಯವಾದೀತು. ಸಂಸ್ಥಾನದ ಆಡಳಿತ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ಕೇಳಿ. ತೋಟ ಮಾಡಿದ್ದ ಇಂಗ್ಲಿಷರ ಬೆನ್ನು ಹತ್ತಿದ್ದರೆ, ಅವರಲ್ಲಿ ಸ್ವದೇಶದಲ್ಲಿ ಆಸ್ತಿಯಿದ್ದವರ ಉಯಿಲುಗಳು ಅಲ್ಲಿಯೂ ಪ್ರೊಬೇಟ್ ಆಗಿರುತ್ತವೆ. ಇಂಗ್ಲೆಂಡಿನ ಪ್ರೊಬೇಟ್ ಸೂಚಿ 1858ರಿಂದ ಸಾರ್ವಜನಿಕವಾಗಿದೆ. ಶುಲ್ಕ ಕಟ್ಟಿದರೆ ಮನೆಯಲ್ಲೇ ಕುಳಿತು ನಕಲು ತರಿಸಬಹುದು.